ಸೋಲುವ ತಂಡಕ್ಕೆ ಅಲಾರಂ ಇಟ್ಟುಕೊಂಡು

ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಾತ್ರಿ 7 ಗಂಟೆಗೆ ಶುರುವಾಗುವ ಬ್ಯಾಸ್ಕೆಟ್‌ಬಾಲ್ ಮ್ಯಾಚು ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಜಾವ 4.30ಕ್ಕೆ. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆ, ಆಮೇಲೆ ಅದೇ ಮ್ಯಾಚು 5.30ಕ್ಕೆ. ಹಾಗಾಗಿ ಆಸೆ ಇನ್ನೂ ಹಸಿರಾಗಿರುವ ಅಕ್ಟೋಬರಿನಲ್ಲಿ ನಿದ್ದೆ ಕಡಿಮೆ, ಆಸೆ ಕರಗತೊಡಗುವ ನವೆಂಬರಿನಲ್ಲಿ ಒಂದು ಗಂಟೆ ಜಾಸ್ತಿ ನಿದ್ದೆ. ಯಾರೋ ಲೆಕ್ಕ ಹಾಕಿ ಮಾಡಿದ ಹಾಗಿದೆ. ಹಾಲಿನವನ ಸ್ಕೂಟರು ಬರುವಾಗ ಮೊದಲ ಕ್ವಾರ್ಟರ್, ಡಿಕಾಕ್ಷನ್ ಇಳಿಯುವಾಗ ಹಾಫ್‌ಟೈಮ್, 8 ಗಂಟೆಯೊಳಗೆ ಸೋತು ಮುಗಿಸಿ ಸ್ನಾನಕ್ಕೆ ಹೋಗಬಹುದು. ಟ್ರಾಫಿಕ್ಕಿಗೆ ಇಳಿಯುವ ಮುಂಚೆಯೇ ದಿನದ ದೊಡ್ಡ ಬೇಸರ ಕಳೆದಿರುತ್ತದಲ್ಲ, ಅದೂ ಒಂದು ಅನುಕೂಲವೇ.

ನಾನು ಡೆಟ್ರಾಯಿಟ್ ಪಿಸ್ಟನ್ಸ್ ಎಂಬ ತಂಡದ ಹಿಂದೆ ಬಿದ್ದದ್ದಕ್ಕೆ ಘನವಾದ ಕಾರಣವೇನಿಲ್ಲ. ಕಾರು ಕಂಪನಿಯ ಕೆಲಸಕ್ಕೆಂದು ಮಿಷಿಗನ್‌ಗೆ ಹೋಗಿ ಬಂದ ಭಾವ ಒಂದು ನೀಲಿ ಜೆರ್ಸಿ ತಂದುಕೊಟ್ಟರು, ಅಷ್ಟೇ. (ಪಿಸ್ಟನ್ ಅಂದರೆ ಕಾರು, ಕಾರು ಅಂದರೆ ಡೆಟ್ರಾಯಿಟ್ ಎಂದು ನಾನೂ ನಂಬಿದ್ದೆ. ಹೆಸರು ಬಂದದ್ದು ಇಂಡಿಯಾನಾದ ಫೋರ್ಟ್ ವೇಯ್ನ್ ಎಂಬ ಊರಿನಿಂದ. ಅಲ್ಲಿ ಪಿಸ್ಟನ್ ಕಾರ್ಖಾನೆ ಇಟ್ಟುಕೊಂಡಿದ್ದ ಫ್ರೆಡ್ ಝೋಲ್ನರ್ ಕಟ್ಟಿದ ತಂಡ ಅದು. ಡೆಟ್ರಾಯಿಟ್‌ಗೆ ಬಂದದ್ದು 1957ರಲ್ಲಿ.) 1989, 1990, 2004ರಲ್ಲಿ ಚಾಂಪಿಯನ್ ಆದ ತಂಡ. ನನ್ನ ಪಾಲಿಗೆ ಬಂದದ್ದು ಆಮೇಲಿನ ಪಿಸ್ಟನ್ಸ್. 2023ರ ಡಿಸೆಂಬರಿನಲ್ಲಿ ಅವರು ಒಂದೇ ಸಮನೆ ಸೋಲುತ್ತಿದ್ದಾಗ ಅಮ್ಮ ಅಡುಗೆಮನೆಯಿಂದಲೇ ಕೇಳಿದ್ದರು: "ಆರ್‌ಸಿಬಿ ಸಾಲ್ದು ಅಂತ ಇದನ್ನ ಬೇರೆ ಕಟ್ಕೊಂಡ್ಯೇನೋ?"

ಅಮ್ಮನ ಪ್ರಶ್ನೆಯಲ್ಲಿ ಒಂದು ತಪ್ಪು ಹೋಲಿಕೆ ಇದೆ. ಅದನ್ನು ಬಿಡಿಸಿದರೆ ಎನ್‌ಬಿಎ ಎಂಬ ಅಮೆರಿಕದ ಈ ಬ್ಯಾಸ್ಕೆಟ್‌ಬಾಲ್ ಲೀಗಿನ ಅರ್ಧ ಗುಟ್ಟು ಬಿಚ್ಚಿಕೊಳ್ಳುತ್ತದೆ. 2017ರಲ್ಲಿ ಆರ್‌ಸಿಬಿ 14 ಮ್ಯಾಚಲ್ಲಿ 3 ಗೆದ್ದು ಕೊನೆಯ ಸ್ಥಾನಕ್ಕೆ ಹೋಯಿತು. ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್ ಆದ ವರ್ಷ ಅದು, ಮರೆತವರಿಲ್ಲ. ಕೊನೆಗೆ ಬಂದದ್ದಕ್ಕೆ ಸಿಕ್ಕಿದ್ದೇನು? ಏನೂ ಇಲ್ಲ. ಐಪಿಎಲ್ ಹರಾಜಿನಲ್ಲಿ ಗೆದ್ದವನಿಗೂ ಸೋತವನಿಗೂ ಖರ್ಚಿನ ಮಿತಿ ಒಂದೇ. ಯುರೋಪಿನ ಫುಟ್‌ಬಾಲಿನಲ್ಲಾದರೆ ಕೊನೆಗೆ ಬಂದವರನ್ನು ಕೆಳಗಿನ ಲೀಗಿಗೇ ದಬ್ಬುತ್ತಾರೆ. ಎನ್‌ಬಿಎಯಲ್ಲಾದರೋ ಸೋಲಿಗೆ ಬಹುಮಾನ ಉಂಟು. ಹಾಗಂತ ಆ ಬಹುಮಾನ ಕೈಗೆ ಬಂದೇ ಬರುತ್ತದೆ ಎಂದು ಯಾರೂ ಮಾತು ಕೊಡುವುದಿಲ್ಲ. ಸೋಲುವ ತಂಡದ ಅಭಿಮಾನಿಯ ತಲೆ ಕೆಡುವುದು ಇಲ್ಲೇ.

ಬಹುಮಾನದ ಹೆಸರು ಡ್ರಾಫ್ಟ್. ಕಾಲೇಜಿನಿಂದಲೋ ಹೊರದೇಶದಿಂದಲೋ ಲೀಗಿಗೆ ಬರುವ ಹೊಸ ಹುಡುಗರನ್ನು 30 ತಂಡಗಳು ಪ್ರತಿವರ್ಷ ಜೂನ್ ಹೊತ್ತಿಗೆ ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಈ ಸರದಿಗೆ ಪಿಕ್ ಅಂತಾರೆ. ಹುಡುಗನಿಗೆ ತಂಡ ಆರಿಸುವ ಹಕ್ಕಿಲ್ಲ. ಮೊದಲ ಸರದಿ ಯಾಕೆ ಅಷ್ಟು ದೊಡ್ಡದು ಅಂದರೆ, ಬ್ಯಾಸ್ಕೆಟ್‌ಬಾಲಿನಲ್ಲಿ ಅಂಗಳದಲ್ಲಿರುವವರು ಬರೀ 5 ಜನ. ಕ್ರಿಕೆಟ್ಟಿನಲ್ಲಿ ಎಂಥ ಬ್ಯಾಟರ್ ಆದರೂ ಔಟಾದ ಮೇಲೆ ಪೆವಿಲಿಯನ್ನಿನಲ್ಲಿ ಕೂರಲೇಬೇಕು. ಇಲ್ಲಿ ಒಳ್ಳೆಯ ಆಟಗಾರ 48 ನಿಮಿಷದಲ್ಲಿ 35 ನಿಮಿಷ ಆಡುತ್ತಾನೆ, ಚೆಂಡು ಮತ್ತೆ ಮತ್ತೆ ಅವನ ಕೈಗೇ ಬರುತ್ತದೆ. ಒಬ್ಬನೇ ತಂಡದ ಹಣೆಬರಹ ತಿದ್ದಬಲ್ಲ. ಜೊತೆಗೆ ಸಂಬಳಕ್ಕೆ ಮಿತಿ ಇದೆ, 2023-24ರಲ್ಲಿ ಅದು ತಂಡಕ್ಕೆ ಸುಮಾರು 13.6 ಕೋಟಿ ಡಾಲರ್. ಮೊದಲ ಸುತ್ತಿನಲ್ಲಿ ಬಂದ ಹುಡುಗನಿಗೆ 4 ವರ್ಷ ಕಟ್ಟುನಿಟ್ಟಿನ ದರಪಟ್ಟಿಯ ಸಂಬಳ. ಅಂದರೆ ಅವನು ಬೆಳೆದರೆ ದುಬಾರಿ ಆಟಗಾರನ ಕೆಲಸ ಅಗ್ಗದಲ್ಲಿ ಆಯಿತು. ಇನ್ನು, ಹೆಸರು ಮಾಡಿದ ಆಟಗಾರರು ಒಪ್ಪಂದ ಮುಗಿದ ಮೇಲೆ ತಾವಾಗಿ ಊರು ಆರಿಸಿಕೊಳ್ಳುವಾಗ ಲಾಸ್ ಏಂಜಲಿಸ್, ಮಿಯಾಮಿ ಅಂತಾರೆಯೇ ಹೊರತು ಹಿಮ ಸುರಿಯುವ ಡೆಟ್ರಾಯಿಟ್ ಅನ್ನುವವರು ಕಡಿಮೆ. ಇಂಥ ಊರಿಗೆ ಡ್ರಾಫ್ಟೇ ಹೆಬ್ಬಾಗಿಲು.

ಹಾಗಾದರೆ ಕೊನೆಯವನಿಗೇ ಮೊದಲ ಸರದಿ ಕೊಟ್ಟುಬಿಡಬಹುದಲ್ಲ? ಕೊಟ್ಟರೆ ಎಲ್ಲರೂ ಕೊನೆಯವರಾಗಲು ಪೈಪೋಟಿ ಮಾಡುತ್ತಾರೆ. 1984ರವರೆಗೆ ಎರಡು ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮುತ್ತಿದ್ದರು. ಬೇಕಂತಲೇ ಸೋಲುತ್ತಿದ್ದಾರೆ ಎಂಬ ಗುಮಾನಿ ಜೋರಾದ ಮೇಲೆ 1985ರಿಂದ ಲಾಟರಿ ಬಂತು. ನಾನು ನೋಡಿದ ವರ್ಷಗಳ ಲಾಟರಿ ನಮ್ಮ ಚೀಟಿ ಎತ್ತುವ ಕ್ರಮದ ದೂರದ ನೆಂಟ. ಒಂದು ಯಂತ್ರದಲ್ಲಿ 1ರಿಂದ 14ರವರೆಗೆ ನಂಬರ್ ಬರೆದ ಪಿಂಗ್‌ಪಾಂಗ್ ಚೆಂಡುಗಳು. ಗಾಳಿಗೆ ಕುಣಿಯುತ್ತವೆ. ಒಂದಾದ ಮೇಲೊಂದರಂತೆ 4 ಹೊರಗೆ ಬರುತ್ತವೆ. ಯಾವುದು ಮೊದಲು ಬಂತು ಎನ್ನುವುದು ಲೆಕ್ಕಕ್ಕಿಲ್ಲ, ಯಾವ ನಾಲ್ಕು ಎನ್ನುವುದಷ್ಟೇ ಮುಖ್ಯ. 14ರಲ್ಲಿ 4 ಆರಿಸುವ ಬಗೆಗಳು 1,001. ಅದರಲ್ಲಿ ಒಂದನ್ನು ಬದಿಗಿಟ್ಟು ಉಳಿದ 1,000ವನ್ನು ಪ್ಲೇಆಫ್ ತಲುಪದ 14 ತಂಡಗಳಿಗೆ ಮೊದಲೇ ಹಂಚಿರುತ್ತಾರೆ. ತೀರಾ ಕೆಟ್ಟ 3 ತಂಡಗಳಿಗೆ ತಲಾ 140, ಆಮೇಲೆ ಇಳಿಯುತ್ತಾ ಹದಿನಾಲ್ಕನೆಯವನಿಗೆ 5. ಹೀಗೆ ಮೊದಲ 4 ಸರದಿಗಳನ್ನು ಮಾತ್ರ ಚೀಟಿ ಎತ್ತಿ ಕೊಡುತ್ತಾರೆ. ಐದನೆಯದರಿಂದ ಸೋಲಿನ ಪಟ್ಟಿಯ ಕ್ರಮ.

ಈ 140 ಮೊದಲು 250 ಇತ್ತು. ಫಿಲಡೆಲ್ಫಿಯಾ 76ರ್ಸ್ ತಂಡ 2013ರಿಂದ ಮೂರು ವರ್ಷ ರಾಜಾರೋಷವಾಗಿ ಸೋತು ಪಿಕ್ ಗುಡ್ಡೆ ಹಾಕಿಕೊಂಡಿತು. 2015-16ರ ಸೀಸನ್ನಿನ 82 ಮ್ಯಾಚಲ್ಲಿ 10 ಗೆಲುವು. ಇದನ್ನು ನೋಡಿ ಲೀಗು 2019ರಿಂದ ಕೊನೆಯವನ ಪಾಲನ್ನು 25 ಪರ್ಸೆಂಟಿನಿಂದ 14ಕ್ಕೆ ಇಳಿಸಿತು. ಈ 2019ರ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ ಸಿಗುವ ಸಾಧ್ಯತೆ 14 ಪರ್ಸೆಂಟ್, ಐದನೆಯದಕ್ಕೆ ಜಾರುವ ಸಾಧ್ಯತೆ 47.9. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದಿ. ವರ್ಷವಿಡೀ ಸೋತು ಕೊನೆಗೆ ಬಂದವನಿಗೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ಸಲ ಸಿಗುವುದು ಐದನೇ ಸರದಿ.

ಪಿಸ್ಟನ್ಸ್‌ಗೆ ಹಾಗೇ ಆಯಿತು, ಅದೂ ಮೂರು ವರ್ಷ ಸಾಲಾಗಿ. 2022ರಲ್ಲಿ ಐದನೇ ಸರದಿ. 2023ರಲ್ಲಿ 17 ಗೆಲುವು 65 ಸೋಲಿನೊಂದಿಗೆ ಇಡೀ ಲೀಗಿಗೇ ಕೊನೆ. ಆ ವರ್ಷದ ಬಹುಮಾನ ವಿಕ್ಟರ್ ವೆಂಬನ್ಯಾಮ ಎಂಬ ಏಳಡಿ ದಾಟಿದ ಫ್ರೆಂಚ್ ಹುಡುಗ, ಸ್ಯಾನ್ ಆಂಟೋನಿಯೊ ಪಾಲಾದ. ನಮಗೆ ಐದನೆಯದು. 2024ರಲ್ಲಿ ಮತ್ತೆ ಲೀಗಿಗೇ ಕೊನೆ, ಮತ್ತೆ ಐದು. ಮೊದಲ ಸರದಿ ಹೋದದ್ದು ಕೇವಲ 3 ಪರ್ಸೆಂಟ್ ಅವಕಾಶವಿದ್ದ ಅಟ್ಲಾಂಟಾಗೆ. ಲಾಟರಿಯ ದಿನ ಲಕೋಟೆಗಳಿಂದ ತಂಡದ ಲಾಂಛನದ ಹಲಗೆ ಹೊರತೆಗೆಯುತ್ತಾ ಹದಿನಾಲ್ಕರಿಂದ ಒಂದಕ್ಕೆ ಬರುತ್ತಾರೆ. ಐದು ಅಂದಾಗ ನಮ್ಮ ಲಾಂಛನ ಬಂದರೆ ಅಲ್ಲಿಗೆ ಟಿವಿ ಆರಿಸಬಹುದು. ಕೈಯಲ್ಲಿದ್ದ ಕಾಫಿ ಮುಗಿದಿರಲಿಲ್ಲ, ನಮ್ಮ ವರ್ಷ ಮುಗಿದಿತ್ತು.

ಈ ವ್ಯವಸ್ಥೆ ಅಭಿಮಾನಿಯ ಮನಸ್ಸನ್ನು ಎರಡು ಹೋಳು ಮಾಡುತ್ತದೆ. ಫೆಬ್ರವರಿಯಲ್ಲಿ ಟ್ರೇಡ್ ಗಡುವು ಬರುತ್ತದೆ. ಆಗ ಸೋಲುವ ತಂಡಗಳು ಅನುಭವಿ ಆಟಗಾರರನ್ನು ಗೆಲ್ಲುವ ತಂಡಗಳಿಗೆ ಕೊಟ್ಟು ಹುಡುಗರನ್ನೋ ಮುಂದಿನ ಪಿಕ್ಕುಗಳನ್ನೋ ತೆಗೆದುಕೊಳ್ಳುತ್ತವೆ. 2024ರ ಗಡುವಿನಲ್ಲಿ ನಮ್ಮವರು ಬೊಗ್ದಾನೊವಿಚ್ ಮತ್ತು ಬರ್ಕ್ಸ್ ಇಬ್ಬರನ್ನೂ ನ್ಯೂಯಾರ್ಕ್ ನಿಕ್ಸ್‌ಗೆ ಕಳಿಸಿದರು. ಮಾರ್ಚ್ ಬಂತೆಂದರೆ ಅಂಗಳದಲ್ಲಿ ಅರ್ಧ ಜನ ಯಾರೆಂದೇ ಗೊತ್ತಾಗುವುದಿಲ್ಲ, ಒಳ್ಳೆಯವರಿಗೆ ದಿಢೀರನೆ ಬೆನ್ನುನೋವು. ಆಟಗಾರ ಯಾವತ್ತೂ ಸೋಲಲು ಆಡುವುದಿಲ್ಲ, ಅವನ ಮುಂದಿನ ಸಂಬಳ ಅದರ ಮೇಲೆ ನಿಂತಿದೆ. ಸೋಲಿನ ಏರ್ಪಾಡು ಆಗುವುದು ಮೇಲಿನ ಮಹಡಿಯಲ್ಲಿ. ಆಡಬಲ್ಲವನನ್ನು ಬೆಂಚಿನಲ್ಲಿ ಕೂರಿಸಿದ್ದಕ್ಕೆ 2025ರ ಮಾರ್ಚಿನಲ್ಲಿ ಲೀಗು ಯೂಟಾ ತಂಡಕ್ಕೆ 1 ಲಕ್ಷ ಡಾಲರ್ ದಂಡ ಹಾಕಿತು. ಆ ಸಲ ಲೀಗಿಗೇ ಕೊನೆಯಾದದ್ದೂ ಯೂಟಾವೇ. ಅವರಿಗೆ ಸಿಕ್ಕಿದ್ದೂ ಐದನೆಯದೇ.

ಆದರೆ 2023-24ರ ಪಿಸ್ಟನ್ಸ್ ಆ ಜಾತಿಯ ತಂಡವಲ್ಲ. ಅವರು ಗೆಲ್ಲಲೆಂದೇ ಹೊರಟಿದ್ದರು. ಮಾಂಟಿ ವಿಲಿಯಮ್ಸ್ ಎಂಬ ಕೋಚನ್ನು 6 ವರ್ಷಕ್ಕೆ 7.85 ಕೋಟಿ ಡಾಲರ್ ಕೊಟ್ಟು ತಂದಿದ್ದರು. ಮೊದಲ 3 ಮ್ಯಾಚಲ್ಲಿ 2 ಗೆದ್ದರು. ಅಕ್ಟೋಬರ್ 30ರಿಂದ ಡಿಸೆಂಬರ್ 28ರವರೆಗೆ ಒಂದನ್ನೂ ಗೆಲ್ಲಲಿಲ್ಲ. ಸಾಲಾಗಿ 28. ಒಂದೇ ಸೀಸನ್ನಿನಲ್ಲಿ ಸಾಲಾಗಿ ಇಷ್ಟು ಸೋತವರು ಎನ್‌ಬಿಎ ಚರಿತ್ರೆಯಲ್ಲಿ ಯಾರೂ ಇರಲಿಲ್ಲ. ಬೇಕಂತ ಸೋಲುವುದರಲ್ಲಿ ಒಂದು ಯೋಜನೆಯಾದರೂ ಇರುತ್ತದೆ. ಇವರದು ಬೇಡವೆಂದರೂ ಬೆನ್ನು ಬಿಡದ ಸೋಲು. ತವರಿನ ಜನ "ತಂಡ ಮಾರಿ" ಎಂದು ಮಾಲೀಕನಿಗೆ ಕೇಳುವ ಹಾಗೆ ಕೂಗತೊಡಗಿದರು.

ಸೋಲುವ ತಂಡವನ್ನು ಏನೆಂದು ನೋಡುವುದು? ಗೆದ್ದರೋ ಸೋತರೋ ಎಂದಷ್ಟೇ ನೋಡಿದರೆ ಹುಚ್ಚು ಹಿಡಿಯುತ್ತದೆ. ನಾನು ಮೊದಲು ಕಲಿತದ್ದು ಪಾಯಿಂಟುಗಳ ಅಂತರ ನೋಡುವುದನ್ನು. ಒಂದು ಮ್ಯಾಚಿನ ಫಲಿತಾಂಶದಲ್ಲಿ ಅದೃಷ್ಟದ ಪಾಲು ದೊಡ್ಡದು. 2017ರ ಜುಲೈನಲ್ಲಿ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಮಹಿಳೆಯರ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಝಕಿಸ್ತಾನವನ್ನು 75-73ಕ್ಕೆ ಸೋಲಿಸಿ ಎ ವಿಭಾಗಕ್ಕೆ ಏರಿತು. ಒಂದು ಚೆಂಡು ರಿಂಗಿನ ಮೇಲೆ ಆ ಕಡೆ ಉರುಳಿದ್ದರೆ ಕಥೆಯೇ ಬೇರೆ. 82 ಮ್ಯಾಚಲ್ಲಿ ಆ ಉರುಳಾಟ ಅತ್ತಿತ್ತ ಸರಿಹೋಗಿ, ತಂಡದ ನಿಜವಾದ ತೂಕ ಸರಾಸರಿ ಅಂತರದಲ್ಲಿ ಕಾಣುತ್ತದೆ. ಅಂದಾಜಿನ ಸೂತ್ರ ಸುಲಭ. ಸಮಬಲದ ತಂಡ 41 ಗೆಲ್ಲುತ್ತದೆ, ಸರಾಸರಿ ಅಂತರದ ಒಂದೊಂದು ಪಾಯಿಂಟಿಗೆ ಸುಮಾರು ಎರಡೂವರೆಯಿಂದ ಮೂರು ಗೆಲುವು ಕೂಡಿಸಿ ಅಥವಾ ಕಳೆಯಿರಿ. ಆ ಸೀಸನ್ ಪಿಸ್ಟನ್ಸ್ ಮ್ಯಾಚಿಗೆ ಸುಮಾರು 9 ಪಾಯಿಂಟ್ ಹಿಂದೆ. 41ರಲ್ಲಿ 24 ಕಳೆದರೆ 17. ಅವರು ಗೆದ್ದದ್ದು 14. ಅಂದರೆ ಅದೃಷ್ಟ ಸ್ವಲ್ಪ ಕೈಕೊಟ್ಟಿತು, ಆದರೆ ಸೋಲೆಲ್ಲ ಅದೃಷ್ಟದ ತಲೆಗೆ ಕಟ್ಟುವ ಹಾಗಿಲ್ಲ. ಈ ಲೆಕ್ಕದಿಂದ ಸಮಾಧಾನ ಸಿಗುವುದಿಲ್ಲ, ಕೂಗಾಟ ಕಡಿಮೆಯಾಗುತ್ತದೆ.

ಎರಡನೆಯದು ಜಾಗ. ಇದು ಟಿವಿಗಿಂತ ನಮ್ಮ ಬಡಾವಣೆಯ ಅಂಗಳದಲ್ಲೇ ಚೆನ್ನಾಗಿ ಅರ್ಥವಾಗುತ್ತದೆ. ಸಂಜೆ ಆಫೀಸು ಮುಗಿಸಿ ಬಂದವರು, ಪಿಯುಸಿ ಹುಡುಗರು ಸೇರಿ ಆಡುತ್ತಾರೆ. ದೂರದಿಂದ ಎಸೆಯಲು ಬರದ ಒಬ್ಬನ ಕೈಗೆ ಚೆಂಡು ಬಂದ ತಕ್ಷಣ ಎದುರಾಳಿಗಳು, "ಬಿಡೋ, ಇವ್ನು ಹಾಕಲ್ಲ, ಒಳಗೆ ನಿಂತ್ಕೋ" ಅಂತಾರೆ. ಅವನನ್ನು ಕಾಯಬೇಕಾದವನು ನಾಲ್ಕು ಹೆಜ್ಜೆ ಹಿಂದೆ ಸರಿದು ಬ್ಯಾಸ್ಕೆಟ್ಟಿನ ಕೆಳಗೆ ನಿಲ್ಲುತ್ತಾನೆ. ಈಗ ನಮ್ಮ ಕಡೆಯ ಚುರುಕಿನ ಹುಡುಗ ನುಗ್ಗಿದರೆ ಎದುರಿಗೆ ಒಬ್ಬನಲ್ಲ, ಇಬ್ಬರು. ಇಂಥವರು ಇಬ್ಬರಿದ್ದರೆ ಮೂವರು. ಎಂ.ಜಿ. ರಸ್ತೆ ಮೆಟ್ರೊ ಬಾಗಿಲಲ್ಲಿ ಸಂಜೆ ಇಳಿಯಲು ನೋಡಿದವರಿಗೆ ಬೇರೆ ವಿವರಣೆ ಬೇಡ. ನುಗ್ಗಲಾಗದೆ ಪಾಸ್ ಕೊಡಲು ಹೋದರೆ ಕೈಗಳ ಕಾಡಿನಲ್ಲಿ ಚೆಂಡು ಕಳೆದುಹೋಗುತ್ತದೆ. ಅದೇ ಟರ್ನೋವರ್.

ಪಿಸ್ಟನ್ಸ್‌ಗೆ ಆಗುತ್ತಿದ್ದದ್ದು ನಿಖರವಾಗಿ ಇದೇ. 2021ರಲ್ಲಿ ಲಾಟರಿ ಒಲಿದಾಗ ಮೊದಲ ಸರದಿಯಲ್ಲಿ ಬಂದ ಕೇಡ್ ಕನ್ನಿಂಗ್‌ಹ್ಯಾಮ್ ನುಗ್ಗುವ ಹುಡುಗ. ಸುತ್ತ ನಿಂತವರಲ್ಲಿ ದೂರದಿಂದ ನೆಚ್ಚಿಕೊಂಡು ಎಸೆಯಬಲ್ಲವರು ಕಡಿಮೆ. ಕಾಯುವುದರಲ್ಲಿ ಅದ್ಭುತ ಅನ್ನಿಸಿದ ಆಸಾರ್ ಥಾಂಪ್ಸನ್ ಮೊದಲ ಸೀಸನ್ನಿನಲ್ಲಿ ಎಸೆದ ತ್ರೀ ಪಾಯಿಂಟರ್‌ಗಳಲ್ಲಿ (ದೂರದ ಗೆರೆಯಾಚೆಯ ಎಸೆತ, ಬಿದ್ದರೆ 3 ಪಾಯಿಂಟ್) ಬಿದ್ದದ್ದು 18.6 ಪರ್ಸೆಂಟ್. ಎದುರಾಳಿಗಳು ಅಮೆರಿಕನ್ ಇಂಗ್ಲಿಷಿನಲ್ಲಿ "ಬಿಡೋ, ಇವ್ನು ಹಾಕಲ್ಲ" ಎಂದೇ ಹೇಳಿರಬೇಕು. ಇದು ಕಣ್ಣಿಗೆ ಬಿದ್ದ ಮೇಲೆ ನನ್ನ ಸಿಟ್ಟು ಆಟಗಾರರಿಂದ ತಂಡ ಕಟ್ಟಿದವರ ಕಡೆಗೆ ತಿರುಗಿತು. ಕೇಡ್ ಒಳಗೆ ಹೆಜ್ಜೆ ಇಟ್ಟಾಗ ಸ್ಕ್ರೀನಿನಲ್ಲಿ ಎಷ್ಟು ತಲೆ ಕಾಣುತ್ತವೆ ಎಂದು ಎಣಿಸುವುದೇ ನನ್ನ ಚಟವಾಯಿತು.

ಡಿಸೆಂಬರಿನ ಕೊನೆಯ ವಾರವನ್ನು ಮರೆಯಲಾರೆ. 27ರ ಬೆಳಿಗ್ಗೆ ಬ್ರೂಕ್ಲಿನ್ ವಿರುದ್ಧ ಕೇಡ್ ಒಬ್ಬನೇ 41 ಪಾಯಿಂಟ್ ಹಾಕಿದ, ತಂಡ ಸೋತಿತು, 27ನೇ ಸೋಲಿನೊಂದಿಗೆ ದಾಖಲೆ ನಮ್ಮದಾಯಿತು. 29ರ ಬೆಳಿಗ್ಗೆ ಬಾಸ್ಟನ್ ವಿರುದ್ಧ, ಅದೂ ಅವರ ಅಂಗಳದಲ್ಲಿ, ಹಾಫ್‌ಟೈಮಿಗೆ ದೊಡ್ಡ ಮುನ್ನಡೆ. ಓವರ್‌ಟೈಮಿಗೆ ಹೋಗಿ ಸೋತರು. ಆ ದಿನ ಆಫೀಸಿನಲ್ಲಿ ಒಬ್ಬ ಹಿರಿಯರು, "ಯಾಕ್ರೀ, ಮನೇಲಿ ಏನಾದ್ರೂ ತೊಂದ್ರೆನಾ?" ಎಂದು ಕೇಳಿದರು. ಡೆಟ್ರಾಯಿಟ್ ಎಂದು ಹೇಳುವ ಧೈರ್ಯವಾಗದೆ "ಹೂಂ ಸರ್, ಸ್ವಲ್ಪ" ಅಂದೆ.

31ರ ಭಾನುವಾರ ಟೊರಾಂಟೊ. ಆ ತಂಡ ಆವತ್ತೇ ತನ್ನ ಮುಖ್ಯ ಆಟಗಾರ ಅನುನೋಬಿಯನ್ನು ಟ್ರೇಡ್ ಮಾಡಿ ಕೈಕಾಲು ಕಳೆದುಕೊಂಡಿತ್ತು. ಅದು ನನಗೂ ಗೊತ್ತಿತ್ತು. 129-127. ಗೆದ್ದೆವು. ಕೂಗಿಕೊಂಡರೆ ಪಕ್ಕದ ಮನೆಯವರು ಏಳುತ್ತಾರೆಂದು ದಿಂಬಿಗೆ ಮುಖ ಒತ್ತಿಕೊಂಡೆ. ಅಮ್ಮ ಬಂದು ನೋಡಿ, ಮತ್ತೆ ಸೋತರೆಂದು ತಿಳಿದು, ಮಾತಾಡದೆ ಕಾಫಿ ಇಟ್ಟು ಹೋದರು.

ಆ ಸೀಸನ್ 14-68ಕ್ಕೆ ಮುಗಿಯಿತು. ಕೋಚನ್ನು ಒಂದೇ ವರ್ಷಕ್ಕೆ ತೆಗೆದರು. ಮುಂದಿನ ಸೀಸನ್ 44-38. 82 ಮ್ಯಾಚಿನ ಸೀಸನ್ನಿನಿಂದ ಸೀಸನ್ನಿಗೆ ಗೆಲುವನ್ನು ಮೂರು ಪಟ್ಟು ಮಾಡಿದ ಮೊದಲ ತಂಡ. ಲಾಟರಿಯಿಂದಲೇ ಇದಾಯಿತು ಅನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುತ್ತೇನೆ. ಕೇಡ್ ಲಾಟರಿಯ ಫಲ, ಒಪ್ಪಿದೆ. ಆದರೆ 14 ಗೆದ್ದಾಗಲೂ ಕೇಡ್ ಇದ್ದನಲ್ಲ? ಆಸಾರ್, ರಾನ್ ಹಾಲಂಡ್ ತರಹದ ಐದನೇ ಸರದಿಯ ಹುಡುಗರು ಕಾಯುವುದರಲ್ಲಿ ಕೈಜೋಡಿಸಿದರು, ಅದೂ ಸರಿ. ಬದಲಾದದ್ದು ಸುತ್ತಲಿನವರು. ಮಲಿಕ್ ಬೀಸ್ಲಿ, ಟೋಬಿಯಸ್ ಹ್ಯಾರಿಸ್, ಟಿಮ್ ಹಾರ್ಡವೇ ಜೂನಿಯರ್, ಮೂವರೂ ಅನುಭವಿಗಳು, ದೂರದಿಂದ ಹಾಕಬಲ್ಲವರು. ಬೀಸ್ಲಿ ಒಬ್ಬನೇ 319 ತ್ರೀ ಪಾಯಿಂಟರ್ ಹಾಕಿದ. ಅವನನ್ನು ಬಿಟ್ಟು ಒಳಗೆ ನಿಲ್ಲುವ ಧೈರ್ಯ ಯಾರಿಗೂ ಇಲ್ಲ. ಕೇಡ್ ನುಗ್ಗಿದಾಗ ನಾನು ಎಣಿಸುತ್ತಿದ್ದ ತಲೆ ಮೂರರಿಂದ ಒಂದಕ್ಕೆ ಇಳಿಯಿತು. ಜೆ.ಬಿ. ಬಿಕರ್‌ಸ್ಟಾಫ್ ಎಂಬ ಹೊಸ ಕೋಚು ಡಿಫೆನ್ಸ್ ಬಿಗಿ ಮಾಡಿದರು. ಇದಕ್ಕೆಲ್ಲ ಪಿಂಗ್‌ಪಾಂಗ್ ಚೆಂಡು ಬೇಕಿರಲಿಲ್ಲ.

2025ರ ಏಪ್ರಿಲ್ 22ರ ಬೆಳಿಗ್ಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕ್ಸ್ ವಿರುದ್ಧ 100-94. 2008ರ ನಂತರ ಪ್ಲೇಆಫಿನಲ್ಲಿ ಮೊದಲ ಗೆಲುವು. ನಡುವೆ ಪ್ಲೇಆಫಿನಲ್ಲೂ ಸಾಲಾಗಿ 15 ಸೋತ ದಾಖಲೆ ಇತ್ತು, ಅದನ್ನು ಹೇಳಲು ಮರೆತಿದ್ದೆ. ಇಷ್ಟು ದಾಖಲೆ ಇಟ್ಟುಕೊಂಡರೆ ಒಂದೆರಡು ಮರೆತುಹೋಗುತ್ತವೆ. ಸರಣಿಯನ್ನು ಆರನೇ ಮ್ಯಾಚಲ್ಲಿ 3 ಪಾಯಿಂಟಿನಿಂದ ಕಳೆದುಕೊಂಡರು.

ಗೆಲ್ಲತೊಡಗಿದರೆ ಒಂದು ಹಳೆಯ ಸಾಲವನ್ನೂ ತೀರಿಸಬೇಕು. ತಂಡಗಳು ಮುಂದಿನ ವರ್ಷಗಳ ಪಿಕ್ಕನ್ನು ಇವತ್ತೇ ಕೊಟ್ಟುಬಿಡಬಹುದು, ಪ್ರಾಮಿಸರಿ ನೋಟ್ ಬರೆದುಕೊಟ್ಟ ಹಾಗೆ. ತೀರಾ ಮೋಸವಾಗದಿರಲೆಂದು ಷರತ್ತು ಹಾಕಿಕೊಳ್ಳುತ್ತವೆ: ಸರದಿ ಇಂತಿಷ್ಟರೊಳಗೆ ಬಿದ್ದರೆ ಕೊಡುವುದಿಲ್ಲ, ಮುಂದಿನ ವರ್ಷ ನೋಡೋಣ. 2020ರಲ್ಲಿ ಪಿಸ್ಟನ್ಸ್ ಹ್ಯೂಸ್ಟನ್‌ಗೆ ಇಂಥದ್ದೊಂದು ನೋಟು ಬರೆದುಕೊಟ್ಟಿದ್ದರು. ಪ್ರತಿವರ್ಷ ಸೋತದ್ದರಿಂದ ಷರತ್ತಿನ ಪ್ರಕಾರ ಪಿಕ್ ನಮ್ಮಲ್ಲೇ ಉಳಿಯಿತು. ನೋಟು ಮಾತ್ರ ಹ್ಯೂಸ್ಟನ್‌ನಿಂದ ಓಕ್ಲಹೋಮಾ, ಅಲ್ಲಿಂದ ನ್ಯೂಯಾರ್ಕ್, ಅಲ್ಲಿಂದ ಮಿನೆಸೋಟಾ ಎಂದು ಕೈ ಬದಲಾಯಿಸುತ್ತಲೇ ಇತ್ತು. 2025ರ ಷರತ್ತು: ಮೊದಲ 13ರೊಳಗೆ ಬಿದ್ದರೆ ನಮ್ಮದು. 44 ಗೆದ್ದ ತಂಡದ ಸರದಿ 17ಕ್ಕೆ ಬಿತ್ತು, ಮಿನೆಸೋಟಾದವರು ಬಂದು ವಸೂಲಿ ಮಾಡಿಕೊಂಡರು.

ಆ ವರ್ಷದ ಲಾಟರಿ ನಮ್ಮ ಲೆಕ್ಕಕ್ಕೆ ಮೇ 13ರ ಬೆಳಗಿನ ಜಾವ. 1.8 ಪರ್ಸೆಂಟ್ ಅವಕಾಶವಿದ್ದ ಡಲ್ಲಾಸ್‌ಗೆ ಮೊದಲ ಸರದಿ ಸಿಕ್ಕಿತಂತೆ, ಅಮೆರಿಕವೆಲ್ಲ ಬಾಯಿ ಬಡಿದುಕೊಂಡಿತಂತೆ. 2019ರ ನಂತರ ಮೊದಲ ಸಲ ಆ ಯಂತ್ರದಲ್ಲಿ ನಮ್ಮ ಪಾಲಿನ ಒಂದು ನಂಬರೂ ಇರಲಿಲ್ಲ. ಬೆಳಿಗ್ಗೆ 7.30ಕ್ಕೆ ಎದ್ದಾಗ ಅಮ್ಮ ಕೇಳಿದರು, "ಇವತ್ತು ಮ್ಯಾಚಿಲ್ವೇನೋ?"